ಸ್ಯಾನ್ ಫ್ರಾನ್ಸಿಸ್ಕೋ ಒಂದು ದಿನದ ನಡಿಗೆ: ಅಮ್ಮನಿಗೆ ಮಂಡಿ ನೋವು, ಎಲ್ಲಿಂದ ಶುರು ಮಾಡಲಿ?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ನಾವಿರುವುದು ಫ್ರೀಮಾಂಟಿನಲ್ಲಿ. ಶನಿವಾರ ಸ್ಯಾನ್ ಫ್ರಾನ್ಸಿಸ್ಕೋ ತೋರಿಸಬೇಕು. ಕಾರು ಬೇಡ, ನಡೆದೇ ನೋಡೋಣ ಅಂತ ಅಪ್ಪ ಹಟ ಹಿಡಿದಿದ್ದಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗಲೂ ದಿನಾ ವಾಕಿಂಗ್ ತಪ್ಪಿಸುವುದಿಲ್ಲ. ಅಮ್ಮನಿಗೆ ಮಾತ್ರ ಮಂಡಿ ನೋವು. ಆ ಊರಿನ ಏರುರಸ್ತೆ ನೋಡಿದರೆ ನನಗೇ ಭಯ. ಇಬ್ಬರಿಗೂ ಹೊಂದುವ ದಾರಿ ಇದೆಯಾ?

ಬಂದರು ಬೀದಿ

ಖಂಡಿತ ಇದೆ. ಬಾರ್ಟ್ ರೈಲು ಹಿಡಿದು ಎಂಬಾರ್ಕಡೆರೋ ಸ್ಟೇಷನ್ನಿನಲ್ಲಿ ಇಳಿಯಿರಿ. ಮೇಲೆ ಬಂದು ನೋಡಿದರೆ ಫೆರಿ ಬಿಲ್ಡಿಂಗಿನ ಗಡಿಯಾರದ ಗೋಪುರ ಕಾಣುತ್ತದೆ. 1898ರದ್ದು, 1906ರ ಭೂಕಂಪಕ್ಕೂ ಬೀಳಲಿಲ್ಲ. ಶನಿವಾರ ಅಲ್ಲಿ ರೈತರ ಸಂತೆ ಇರುತ್ತದೆ, ಅಮ್ಮನನ್ನು ಸ್ವಲ್ಪ ಹೊತ್ತು ಬಿಡಿ. ನೀರಿನ ಪಕ್ಕದ ಆ ರಸ್ತೆ ಪೂರ್ತಿ ಸಮತಟ್ಟು. ಆದಷ್ಟು ನಡೆಯಿರಿ, ಸಾಕು ಅನ್ನಿಸಿದಾಗ ಎಫ್ ಲೈನಿನ ಹಳೇ ಟ್ರಾಮ್ ಹತ್ತಿ. ಫಿಷರ್‌ಮನ್ಸ್ ವಾರ್ಫ್ ಕಡೆಯಿಂದ 39ನೇ ನಂಬರ್ ಬಸ್ಸು ಟೆಲಿಗ್ರಾಫ್ ಹಿಲ್ ನೆತ್ತಿಗೇ ಹೋಗುತ್ತದೆ. ಅಲ್ಲಿ ಕೊಯಿಟ್ ಟವರ್.

ನಾನು ಆ ಬೆಟ್ಟದ ಬುಡದಲ್ಲೇ ಕೆಲಸ ಮಾಡುತ್ತೇನೆ. ಊಟದ ಬಿಡುವಿನಲ್ಲಿ ಫಿಲ್ಬರ್ಟ್ ಮೆಟ್ಟಿಲು ಹತ್ತುವುದು ನನ್ನ ಅಭ್ಯಾಸ. ಈ ಊರಲ್ಲಿ ಒಂದೇ ಒಂದು ಜಾಗ ನೋಡಿ ಅಂದರೆ ನಾನು ಇದನ್ನೇ ಹೇಳುವುದು. ನಕ್ಷೆಯಲ್ಲಿ ಅದು ರಸ್ತೆ, ನಿಜಕ್ಕೆ ಬರೀ ಮೆಟ್ಟಿಲು. ಅಕ್ಕಪಕ್ಕದ ಮರದ ಮನೆಗಳ ಬಾಗಿಲಿಗೆ ಕಾರು ಬರುವುದಿಲ್ಲ. ಒಂದು ಕಾಲಕ್ಕೆ ಕಸ ಸುರಿಯುತ್ತಿದ್ದ ಇಳಿಜಾರು ಅದು. ಗ್ರೇಸ್ ಮರ್ಚೆಂಟ್ ಅನ್ನುವವರು ಅದನ್ನು ಚೊಕ್ಕಟ ಮಾಡಿ ತೋಟ ಎಬ್ಬಿಸಿದರು. ನಡುವೆ ನೇಪಿಯರ್ ಲೇನ್ ಅಂತ ಗಲ್ಲಿ ಬರುತ್ತದೆ, ಇವತ್ತಿಗೂ ನೆಲಕ್ಕೆ ಮರದ ಹಲಗೆ. ಅದೃಷ್ಟ ಇದ್ದರೆ ಕೆಂಪು ತಲೆಯ ಹಸಿರು ಗಿಳಿಗಳ ಹಿಂಡು ಕಿರುಚುತ್ತಾ ತಲೆ ಮೇಲೇ ಹಾರಿಹೋಗುತ್ತದೆ. ಮೂಲ ದಕ್ಷಿಣ ಅಮೆರಿಕದ್ದು, ಸಾಕಿದವರ ಕೈತಪ್ಪಿ ಇಲ್ಲೇ ನೆಲೆಯಾದವು. ಅಮ್ಮನನ್ನೂ ನಿಧಾನವಾಗಿ ಇಳಿಸಿಕೊಂಡು ಹೋಗಿ.

ಶಾರದಾ ಆಂಟಿ

ಇಳಿಸಬೇಡಮ್ಮ. ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ ಕಷ್ಟ. ಭಾರ ಎಲ್ಲ ಮಂಡಿ ಮೇಲೇ ಬೀಳುತ್ತದೆ. ನನಗೂ ಅದೇ ತೊಂದರೆ, ಅದಕ್ಕೇ ಹೇಳುತ್ತಿದ್ದೇನೆ.

ಬಂದರು ಬೀದಿ

ಆಂಟಿ ಹೇಳಿದ್ದು ಸರಿ. ಹಾಗಾದರೆ ಅಮ್ಮ ಮೇಲೇ ಇರಲಿ. ಕೊಯಿಟ್ ಟವರ್ ನೆಲಮಹಡಿಯ ಗೋಡೆ ತುಂಬಾ 1934ರ ಚಿತ್ರಗಳಿವೆ. ಹೊಲ, ಹಣ್ಣಿನ ತೋಟ, ಕಾರ್ಖಾನೆ, ಬಂದರು, ಎಲ್ಲ ಕಡೆ ದುಡಿಯುವ ಜನ. ಬೇಕಾದಷ್ಟು ಹೊತ್ತು ನೋಡಬಹುದು. ಅಷ್ಟರಲ್ಲಿ ಅಪ್ಪ ಇಳಿದು ಹತ್ತಿ ಬರುತ್ತಾರೆ. ಆಮೇಲೆ ಎಲ್ಲರೂ ಅದೇ ಬಸ್ಸಲ್ಲಿ ವಾಷಿಂಗ್ಟನ್ ಸ್ಕ್ವೇರ್‌ಗೆ ಇಳಿಯಿರಿ.

ಹಾಸನದ ಹುಡುಗಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೇಬಲ್ ಕಾರ್ ಹೇಗೆ ಓಡುತ್ತದೆ ಅಂತ ಅಪ್ಪ ಬೆಳಗಿನಿಂದ ಕೇಳುತ್ತಲೇ ಇದ್ದಾರೆ. ಸುಮ್ನೆ ಹತ್ತಿಸಿದರೆ ಸಾಕಾ?

ಬಂದರು ಬೀದಿ

ಸಾಲದು! ಮೆಕ್ಯಾನಿಕ್ ಅಂದಮೇಲೆ ಕೇಬಲ್ ಕಾರ್ ಮ್ಯೂಸಿಯಂ ತೋರಿಸಲೇಬೇಕು. ಟಿಕೆಟ್ ಇಲ್ಲ. ವಾಷಿಂಗ್ಟನ್ ಸ್ಕ್ವೇರ್ ಹತ್ತಿರ ಪೊವೆಲ್-ಮೇಸನ್ ಲೈನಿನ ಕೇಬಲ್ ಕಾರ್ ಸಿಗುತ್ತದೆ, ಮ್ಯೂಸಿಯಂ ಪಕ್ಕದಲ್ಲೇ ಹಾಯುತ್ತದೆ. ಕಾರಿನಲ್ಲಿ ಎಂಜಿನ್ನೇ ಇಲ್ಲ. ರಸ್ತೆಯಡಿ ಉಕ್ಕಿನ ಹಗ್ಗ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಓಡುತ್ತಾ ಇರುತ್ತದೆ. ಚಾಲಕ ಸನ್ನೆಕೋಲು ಎಳೆದರೆ ಇಕ್ಕಳ ಅದನ್ನು ಕಚ್ಚಿಕೊಳ್ಳುತ್ತದೆ, ಬಿಟ್ಟು ಬ್ರೇಕು ಹಾಕಿದರೆ ಕಾರು ನಿಲ್ಲುತ್ತದೆ. ಮ್ಯೂಸಿಯಂ ಒಳಗೆ ನಾಲ್ಕೂ ಹಗ್ಗಗಳನ್ನು ಎಳೆಯುವ ದೊಡ್ಡ ಚಕ್ರಗಳನ್ನು ಮೇಲಿನಿಂದ ನೋಡಬಹುದು. ಇನ್ನೊಂದು ವಿಷಯ ಅಪ್ಪನಿಗೆ ಹೇಳಿ: ಹಳಿಗೆ ಒತ್ತುವ ಒಂದು ಬ್ರೇಕು ಮರದ್ದು. ಕಡಿದಾದ ಇಳಿಜಾರಿನಲ್ಲಿ ಮರ ಸುಟ್ಟ ವಾಸನೆ ಬಂದರೆ ಗಾಬರಿ ಬೇಡ.

ಅದೇ ಲೈನು ಕೊನೆಗೆ ಪೊವೆಲ್ ಸ್ಟ್ರೀಟ್ ಬಾರ್ಟ್ ಸ್ಟೇಷನ್ ಹತ್ತಿರ ಮುಗಿಯುತ್ತದೆ. ಅಲ್ಲಿ ಕಾರನ್ನು ತಿರುಗು ಹಲಗೆ ಮೇಲೆ ನಿಲ್ಲಿಸಿ ಕೈಯಲ್ಲೇ ನೂಕಿ ತಿರುಗಿಸುತ್ತಾರೆ, ನೋಡಿಯೇ ಕೆಳಗಿಳಿಯಿರಿ. ಫ್ರೀಮಾಂಟಲ್ಲಿ ಬಿಸಿಲಿದ್ದರೂ ಸ್ವೆಟರ್, ಅಮ್ಮನಿಗೆ ಶಾಲು ಇರಲಿ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಜೋರು.