ಫಿಜಿಯ ‘ತಂಬು’ವಿಗೆ ಕನ್ನಡದಲ್ಲಿ ಏನನ್ನೋಣ: ನಿಷೇಧವೇ, ಮೀಸಲೇ?

ಎಲ್ಲರಿಗೂ ನಮಸ್ಕಾರ.

ಫಿಜಿಯ ಮೀನುಗಾರರ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ನಿಮ್ಮ ನೆರವು ಬೇಕು.

ಅಲ್ಲಿ ಊರಿನ ಎದುರಿನ ಕಡಲಲ್ಲಿ ಮೀನು ಹಿಡಿಯುವ ಹಕ್ಕು ಆ ಊರಿನ ಕುಲದವರದ್ದು. ಆ ನೀರಿಗೆ ‘ಙ್ಗೋಲಿಙ್ಗೋಲಿ’ ಅನ್ನುತ್ತಾರೆ. ಇಂಥವು ಸುಮಾರು 400 ಸರ್ಕಾರದ ದಾಖಲೆಯಲ್ಲಿವೆ. ಕಡಲತಳ ಸರ್ಕಾರದ್ದು, ಮೀನಿನ ಹಕ್ಕು ಊರಿನದ್ದು. ಈ ನೀರಿನಲ್ಲೇ ಒಂದು ಭಾಗವನ್ನು ಊರವರು ಕೂತು ಮಾತಾಡಿ ಕೆಲವು ಕಾಲ ಯಾರೂ ಮೀನು ಹಿಡಿಯದಂತೆ ಮುಚ್ಚುತ್ತಾರೆ. ಅದೇ ‘ತಂಬು’. ಬರೆಯುವಾಗ ‘ತಬು’ ಎಂದೇ ಬರೆದರೂ ಫಿಜಿಯವರು ಬಕಾರವನ್ನು ‘ಂಬ’ ಎಂದು ನುಡಿಯುತ್ತಾರೆ. ಹಿಂದೆ ಊರ ಮುಖಂಡ ತೀರಿಕೊಂಡರೆ 100 ದಿನ ಹೀಗೆ ಮುಚ್ಚಿ, ಆಮೇಲೆ ತೆರೆದು ಊರಿಗೆಲ್ಲ ಊಟ ಹಾಕುತ್ತಿದ್ದರು.

ಪದವನ್ನು ಹಾಗೇ ಇಟ್ಟುಕೊಳ್ಳೋಣ ಅಂದರೆ ಕನ್ನಡದ ಮಕ್ಕಳಿಗೆ ತಂಬು ಅಂದರೆ ಡೇರೆ. ಇಂಗ್ಲಿಷಿನ ‘ಟ್ಯಾಬೂ’ ಇದರ ಸೋದರ ಪದವೇ, ಟೋಂಗಾ ದ್ವೀಪಗಳ ಭಾಷೆಯ ‘ತಪು’ವಿನಿಂದ ಬಂದದ್ದು. ಅದಕ್ಕೆ ನಮ್ಮ ನಿಘಂಟುಗಳು ‘ನಿಷೇಧ’, ‘ನಿಷಿದ್ಧ’ ಎಂದು ಕೊಡುತ್ತವೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದು ನಿಷೇಧ ಸರಿ, ಆದೇಶ ಮೇಲಿನಿಂದ ಬರುತ್ತದೆ. ತಂಬು ಹಾಗಲ್ಲ. ‘ನಮ್ಮ ಕಡಲು, ನಾವೇ ಸ್ವಲ್ಪ ದಿನ ಕೈ ಹಾಕುವುದು ಬೇಡ’ ಅನ್ನುವ ಮಾತು ಅದರಲ್ಲಿದೆ.

ನನ್ನ ಮನಸ್ಸು ‘ಮೀಸಲು’ ಕಡೆಗೆ ಹೋಗುತ್ತಿದೆ. ದೇವರಿಗೆಂದು ಬೆಣ್ಣೆ ಎತ್ತಿಟ್ಟರೆ ಅದು ಮೀಸಲು. ಮನೆಯವರೇ ಇಟ್ಟದ್ದು, ಮನೆಯವರೇ ಮುಟ್ಟುವುದಿಲ್ಲ. ಮುಟ್ಟಿದರೆ ‘ಮೀಸಲು ಮುರಿದರು’ ಅಂತಾರೆ. ಫಿಜಿಯ ಭಾವಕ್ಕೆ ಎಷ್ಟು ಹತ್ತಿರ, ಅಲ್ವಾ? ತೊಡಕು ಏನೆಂದರೆ, ಈಗ ಮೀಸಲು ಅಂದ ಕೂಡಲೇ ಮೀಸಲಾತಿ, ಇಲ್ಲವೇ ಅರಣ್ಯ ಇಲಾಖೆಯ ಮೀಸಲು ಅರಣ್ಯ ನೆನಪಾಗುತ್ತದೆ. ಎರಡನೆಯದರಲ್ಲಂತೂ ಊರವರೇ ಹೊರಗಿನವರು. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಪಕ್ಕದ ಹೊಳೆಯಲ್ಲಿರುವಂತೆ ‘ದೇವರ ಮೀನು’ ಅನ್ನೋಣವೆಂದರೆ ಅಲ್ಲಿ ಯಾವತ್ತೂ ಹಿಡಿಯುವುದಿಲ್ಲ. ತಂಬು ತೆರೆಯುವ ದಿನವೂ ಇರುತ್ತದೆ.

ಉದುನಿವನುವ ಎಂಬ ಹಳ್ಳಿಯ ಉದಾಹರಣೆ ಬರಹದಲ್ಲಿದೆ. ಕೈಕೋಸೊ ಎಂಬ ಚಿಪ್ಪುಮೀನು (ನಮ್ಮ ಮರುವಾಯಿಯಂಥದ್ದು) ಕಡಿಮೆಯಾದಾಗ 1997ರಲ್ಲಿ 24 ಹೆಕ್ಟೇರನ್ನು ಮೂರು ವರ್ಷಕ್ಕೆಂದು ಮುಚ್ಚಿದರು. ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದವರು ಎಣಿಸುವುದನ್ನು ಕಲಿಸಿದರು, ಎಣಿಸಿದ್ದು ಹಳ್ಳಿಯವರೇ. 2004ರ ಹೊತ್ತಿಗೆ ಮುಚ್ಚಿದ ಜಾಗದಲ್ಲಿ 13 ಪಟ್ಟು, ಪಕ್ಕದ ನೀರಿನಲ್ಲೂ 5 ಪಟ್ಟು ಜಾಸ್ತಿಯಾಗಿತ್ತು. ‘ನಿಷೇಧ ಹೇರಿದರು’ ಎಂದು ಬರೆದರೆ ಈ ಜನರ ಪಾಲು ಕಾಣುವುದೇ ಇಲ್ಲ.

ಇದಕ್ಕೇ ಅಂಟಿಕೊಂಡ ಇನ್ನೊಂದು ಪದ ‘ಕೋ-ಮ್ಯಾನೇಜ್‌ಮೆಂಟ್’. ಊರು, ಸರ್ಕಾರ ಎರಡೂ ಸೇರಿ ಕಡಲನ್ನು ನೋಡಿಕೊಳ್ಳುವ ಏರ್ಪಾಡು. ‘ಸಹ-ನಿರ್ವಹಣೆ’ ಓದಲು ಒಣಗಿದಂತಿದೆ. ನಮ್ಮ ರಾಜ್ಯದಲ್ಲಿ ಕಾಡಿನ ವಿಷಯದಲ್ಲಿ 1993ರಿಂದ ‘ಜಂಟಿ’ ಎಂಬ ಮಾತು ಬಳಕೆಯಲ್ಲಿದೆ. ಗ್ರಾಮ ಅರಣ್ಯ ಸಮಿತಿಗಳು ಬಂದದ್ದು ಆಗಲೇ. ನನಗೆ ‘ಕೂಡು ಉಸ್ತುವಾರಿ’ ಇಷ್ಟ, ಕೂಡುಕುಟುಂಬದ ಹಾಗೆ. ಫಿಜಿಯಲ್ಲಿ ಸರ್ಕಾರವೇ ಹಳ್ಳಿಗರನ್ನು ಸಂಬಳವಿಲ್ಲದ ಮೀನು ಕಾವಲುಗಾರರನ್ನಾಗಿ ನೇಮಿಸುತ್ತದೆ. ಕೆರೆಯ ನೀರು ನೋಡಿಕೊಳ್ಳಲು ನೀರುಗಂಟಿ ಇದ್ದಂತೆ ಇವರನ್ನು ‘ಕಡಲಗಂಟಿ’ ಅನ್ನಬಹುದೇ? ಹೊಸದಾಗಿ ಕಟ್ಟಿದ ಪದ, ಕಿವಿಗೆ ಹೇಗೆ ಕೇಳುತ್ತದೆ ಹೇಳಿ.

ಕರಾವಳಿಯವರಲ್ಲಿ ವಿಶೇಷವಾಗಿ ಕೇಳುತ್ತಿದ್ದೇನೆ. ಊರವರೇ ಒಪ್ಪಿಕೊಂಡು ಒಂದು ಅಳಿವೆಯಲ್ಲೋ ಕಡಲಿನ ಒಂದು ಕಡೆಯಲ್ಲೋ ಕೆಲ ದಿನ ಬಲೆ ಹಾಕದೇ ಬಿಟ್ಟರೆ, ಅದಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಕುಂದಾಪುರದ ಮಾತಾದರೂ ಸರಿ. ತುಳು, ಕೊಂಕಣಿ, ನವಾಯತಿಯಾದರೂ ಸರಿ. ಪದದ ಜೊತೆ ಅದನ್ನು ಬಳಸುವ ಒಂದು ವಾಕ್ಯವನ್ನೂ ಬರೆಯಿರಿ.