ಚಂದ್ರ ಯಾಕೆ ಸಣ್ಣ ಆಗ್ತಾನೆ ಅಂತ ಮಕ್ಕಳಿಗೆ ಹೇಗೆ ತೋರ್ಸೋದು? ಕತ್ತಲೆ ರೂಮ್ ಇಲ್ಲ

ಹಾವೇರಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆ ಒಂದು ಹೈಸ್ಕೂಲಲ್ಲಿ ಸೈನ್ಸ್ ತಗೋತೀನಿ. 8ನೇ ಕ್ಲಾಸಿಗೆ ಬೋರ್ಡ್ ಮೇಲೆ ಚಿತ್ರ ಬರೆದು ಚಂದ್ರನ ಕಲೆಗಳು, ಅಂದ್ರೆ ಚಂದ್ರ ದಿನದಿನಕ್ಕೆ ಸಣ್ಣ ದೊಡ್ಡ ಕಾಣೋದು, ಹೇಳಿಕೊಟ್ಟೆ, ಎಲ್ಲರೂ ತಲೆ ಆಡಿಸಿದ್ರು, ಮಾರನೇ ದಿನ ಕೇಳಿದ್ರೆ ಅರ್ಧ ಕ್ಲಾಸು "ಭೂಮಿ ನೆರಳು ಬೀಳ್ತೈತ್ರಿ ಸರ, ಅದಕ್ಕ ಚಂದ್ರ ಸಣ್ಣ ಆಗ್ತಾನ" ಅಂತು. ಸರಿ ಮಾಡೇ ತೋರ್ಸೋಣ ಅಂತ ಟೇಬಲ್ ಟೆನಿಸ್ ಬಾಲು, ಒಂದು ಬಲ್ಬು ತಗೊಂಡು ಹೋದೆ. ಬಾಲು ಪೂರ್ತಿ ಲಾಟೀನ್ ತರ ಹೊಳೆಯೋಕೆ ಶುರು ಮಾಡ್ತು, ಬೆಳಕಿನ ಭಾಗ ಯಾವುದು ಕತ್ತಲೆ ಭಾಗ ಯಾವುದು ಗೊತ್ತೇ ಆಗ್ಲಿಲ್ಲ. ಹುಡುಗರು ನಕ್ಕಿದ್ದೇ ನಕ್ಕಿದ್ದು. ಕಿಟಕಿ ಬಾಗಿಲು ಬೇರೆ ಮುಚ್ಚಲ್ಲ. ಯಾರಾದ್ರೂ ಖರ್ಚಿಲ್ಲದ ದಾರಿ ಹೇಳಿ.

ಗಣಿತ ಟೀಚರ್:
ಸರ್, ಆ ಬಾಲ್ ತೆಳ್ಳಗಿರುತ್ತೆ, ಬೆಳಕು ಒಳಗೆ ನುಗ್ಗಿಬಿಡುತ್ತೆ. ನಿಂಬೆಹಣ್ಣು ಪೆನ್ಸಿಲ್ಲಿಗೆ ಚುಚ್ಚಿ, ಇಲ್ಲಾಂದ್ರೆ ಜೇಡಿಮಣ್ಣಿನ ಉಂಡೆ ಮಾಡಿ ಒಣಗಿಸಿ ಸುಣ್ಣ ಬಳೀರಿ. ಬಿಳಿ ಗೋಡೆ ಹತ್ರ ನಿಲ್ಲಬೇಡಿ, ಗೋಡೆ ಬೆಳಕು ತಿರುಗಿ ಕತ್ತಲೆ ಭಾಗಕ್ಕೆ ಬೀಳುತ್ತೆ. ಸಂಜೆ ಸ್ಪೆಷಲ್ ಕ್ಲಾಸಲ್ಲಿ ಮಾಡಿದ್ರೆ ಕತ್ತಲೆ ತಾನಾಗೇ ಸಿಗುತ್ತೆ. ಬಲ್ಬು ಸೂರ್ಯ, ಹಣ್ಣು ಚಂದ್ರ, ಮಗುವಿನ ತಲೆನೇ ಭೂಮಿ. ಬಲ್ಬಿಗೆ ಮುಖ ಮಾಡಿ, ಕೈ ಚಾಚಿ ಹಣ್ಣು ಹಿಡ್ಕೊಂಡು ನಿಂತಲ್ಲೇ ಎಡಕ್ಕೆ ತಿರುಗ್ಲಿ, ಮೊದಲು ಬಲಗಡೆ ಸಣ್ಣ ಗೆರೆ ಬೆಳಗುತ್ತೆ, ಆಮೇಲೆ ಅರ್ಧ ಆಗುತ್ತೆ. ಬೆನ್ನು ಬಲ್ಬಿಗೆ ಬಂದಾಗ ಹಣ್ಣನ್ನ ತಲೆಗಿಂತ ಮೇಲೆ ಹಿಡೀಬೇಕು, ಹುಣ್ಣಿಮೆ. ಕೆಳಗೆ ಇಳಿಸಿದ್ರೆ ತಲೆ ನೆರಳು ಹಣ್ಣಿನ ಮೇಲೆ ಬೀಳುತ್ತೆ, ಅದು ಗ್ರಹಣ. ನಿಮ್ಮ ಹುಡುಗರು ಹೇಳೋ ನೆರಳು ಬರೋದು ಅಲ್ಲಿ ಮಾತ್ರ. ಭೂಮಿ ಸೂರ್ಯನ್ನ ಸುತ್ತೋ ದಾರಿಗೆ ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ ಇರೋದಕ್ಕೇ ಪ್ರತಿ ಹುಣ್ಣಿಮೆಗೂ ಗ್ರಹಣ ಆಗಲ್ಲ.

ಮಲೆನಾಡ ಹುಡುಗಿ:
ಬಲ್ಬೇ ಬೇಡ ಸರ್. ಹುಣ್ಣಿಮೆ ಆಗಿ ಐದಾರು ದಿನ ಬಿಟ್ಟು ಬೆಳಿಗ್ಗೆ ಪ್ರೇಯರ್ ಹೊತ್ತಿಗೆ ಪಶ್ಚಿಮಕ್ಕೆ ನೋಡಿ, ಚಂದ್ರ ಇನ್ನೂ ಇರ್ತಾನೆ. ಮಕ್ಕಳನ್ನ ಗ್ರೌಂಡಿಗೆ ಕರ್ಕೊಂಡು ಹೋಗಿ ಅದೇ ನಿಂಬೆಹಣ್ಣನ್ನ ಬಿಸಿಲಲ್ಲಿ, ಚಂದ್ರನ ಪಕ್ಕಕ್ಕೆ ಕಾಣೋ ಹಾಗೆ ಎತ್ತಿ ಹಿಡಿಸಿ. ಆಕಾಶದ ಚಂದ್ರ ಎಷ್ಟು ಬೆಳಗಿರ್ತಾನೋ ಕೈಯಲ್ಲಿರೋ ಹಣ್ಣೂ ಅಷ್ಟೇ ಬೆಳಗಿರುತ್ತೆ, ಅದೇ ಕಡೆಗೆ. ಎರಡಕ್ಕೂ ಒಂದೇ ಸೂರ್ಯ ತಾನೇ. ದಿನಾಂಕ ಹುಡುಕೋಕೆ ಮನೆ ಕ್ಯಾಲೆಂಡರಲ್ಲಿ ತಿಥಿ ನೋಡಿದ್ರೆ ಸಾಕು, ಬಹುಳ ಪಂಚಮಿಯಿಂದ ಅಷ್ಟಮಿ. ಅಮಾವಾಸ್ಯೆ ಹತ್ರ ಮಾತ್ರ ಬೇಡ, ಚಂದ್ರನ್ನ ಹುಡುಕೋಕೆ ಹೋಗಿ ಮಕ್ಕಳು ಸೂರ್ಯನ್ನೇ ನೋಡಿಬಿಡ್ತಾರೆ, ಅಲ್ದೆ ಆ ದಿನ ನಿಂಬೆಹಣ್ಣು ಹಿಡ್ಕೊಂಡು ನಿಂತ್ರೆ ಊರವರು ಬೇರೇನೇ ತಿಳ್ಕೋತಾರೆ 😄

ಸಾಸಿವೆ ಡಬ್ಬಿ:
ಮೇಷ್ಟ್ರೇ, ತಪ್ಪು ಹುಡುಗರದ್ದಲ್ಲ, ಚಿತ್ರದ್ದು. ನಾವು ಬೋರ್ಡ್ ಮೇಲೆ ಭೂಮಿ ಪಕ್ಕಕ್ಕೇ ಅಂಟಿಸಿದ ಹಾಗೆ ಚಂದ್ರನ್ನ ಬರೀತೀವಿ, ಇಷ್ಟು ಹತ್ರ ಇದ್ರೆ ನೆರಳು ಬೀಳದೆ ಏನಾಗುತ್ತೆ ಅಂತ ಅವರಿಗೆ ಅನ್ಸುತ್ತೆ. ನಾನು ಅಡುಗೆಮನೆ ಸಾಮಾನಲ್ಲಿ ಮಾಡಿಸ್ತೀನಿ. ಭೂಮಿ 2 ಮಿಲಿಮೀಟರಿನ ಒಂದು ಸಾಸಿವೆ ಕಾಳು. ಚಂದ್ರ ಉಪ್ಪಿಟ್ಟಿನ ರವೆಯ ಒಂದು ಕಾಳು, ಸಾಸಿವೆಯಿಂದ 6 ಸೆಂಟಿಮೀಟರ್ ದೂರ. ಸೂರ್ಯ ಫುಟ್‌ಬಾಲು, ಅದು ಸುಮಾರು 24 ಮೀಟರ್ ಆಚೆ. ಎಲ್ಲಿಡ್ತೀರ ಅಂತ ಮೊದಲು ಕೇಳಿ, ಮಕ್ಕಳು ರವೆನ ಸಾಸಿವೆಗೆ ತಾಗಿಸಿಯೇ ಇಡ್ತಾರೆ. ನೆಪ್ಚೂನ್ ಇದೇ ಲೆಕ್ಕಕ್ಕೆ 700 ಮೀಟರ್ ಆಗುತ್ತೆ, ನಮ್ಮ ಸ್ಕೂಲಿಂದ ಬಸ್‌ಸ್ಟ್ಯಾಂಡ್ ದಾಟುತ್ತೆ, ಅಲ್ಲೀ ತನಕ ನಡೆಸಿದ್ರೆ ಹೆಡ್‌ಮಾಸ್ಟ್ರು ಬಯ್ತಾರೆ.

ಹಾವೇರಿ ಮೇಷ್ಟ್ರು:
ಅಪ್‌ಡೇಟ್. ಎರಡು ದಿನ ಮೋಡ, ಮೂರನೇ ದಿನ ಚಂದ್ರ ಸಿಕ್ಕಿದ. ಹಿಂದಿನ ಸಾಲಿನ ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಹಣ್ಣು ಒಮ್ಮೆ ನೋಡಿ ಚಂದ್ರನ್ನ ಒಮ್ಮೆ ನೋಡಿ "ಸರ, ಭೂಮಿ ನೆರಳು ನಮ್ಮ ಹಣ್ಣಿನ ಮ್ಯಾಲೂ ಬಿದ್ದಿಲ್ಲಲ್ರಿ" ಅಂದ್ಲು. ರವೆ ಕಾಳು ಮೂರು ಸಲ ಗಾಳಿಗೆ ಹಾರಿತು, ಕೊನೆಗೆ ಗಮ್ ಹಚ್ಚಿ ಕೂರಿಸಿದ್ವಿ.

ಇನ್ನೊಂದು ಡೌಟು. ನೆರಳಿಲ್ಲದ ದಿನ (ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಕಾಣದ ದಿನ) ಮಾಡಿಸೋಣ ಅಂದ್ರೆ ನಮ್ಮ ಕಡೆ ಮೊದಲನೇದು ಏಪ್ರಿಲ್ ಕೊನೆಗೆ ರಜೆಯಲ್ಲಿ ಬರುತ್ತೆ, ಎರಡನೇದು ಆಗಸ್ಟ್ 12ರ ಸುಮಾರಿಗೆ, ಆಗ ಮಳೆ. ಯಾರಾದ್ರೂ ಆಗಸ್ಟಲ್ಲಿ ಮಾಡಿಸಿದೀರಾ?

ಗಣಿತ ಟೀಚರ್:
ಒಂದು ಸಲ ಮಾಡಿಸ್ದೆ ಸರ್. ಪೈಪ್ ತುಂಡು ನಿಲ್ಲಿಸ್ಕೊಂಡು ಮುಕ್ಕಾಲು ಗಂಟೆ ಕೂತ್ವಿ, ಎರಡು ನಿಮಿಷ ಬಿಸಿಲು ಬಂತು. ಆ ದಿನ ತಪ್ಪಿದ್ರೂ ಹಿಂದೆಮುಂದೆ ಒಂದು ದಿನ ನೆರಳು ತೀರಾ ಸಣ್ಣದೇ ಇರುತ್ತೆ, ಟ್ರೈ ಮಾಡಿ.