ಕಬ್ಬನ್ ರೋಡಿನ ಸೇಂಟ್ ಆಂಡ್ರ್ಯೂಸ್ ಚರ್ಚ್: ಪ್ರೆಸ್ಬಿಟೇರಿಯನ್ನರ ನಂಬಿಕೆ ಏನು?

ಕಂಟೋನ್ಮೆಂಟ್ ಸವಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಆಫೀಸಿಗೆ ಹೋಗುವುದು ಕಬ್ಬನ್ ರೋಡ್ ಮೇಲೆ. ಅಲ್ಲಿರುವ ಸೇಂಟ್ ಆಂಡ್ರ್ಯೂಸ್ ಚರ್ಚನ್ನು ಹಳಬರು 'ಸ್ಕಾಟಿಷ್ ಕರ್ಕ್' (ಸ್ಕಾಟ್ಲೆಂಡಿನವರ ಚರ್ಚ್) ಅಂತ ಕರೆಯುತ್ತಾರೆ. ಅದು ಪ್ರೆಸ್ಬಿಟೇರಿಯನ್ ಚರ್ಚ್ ಆಗಿತ್ತಂತೆ. ಆದರೆ ಬೋರ್ಡಿನಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಅಂತ ಇದೆ. ಎಂ.ಜಿ. ರೋಡಿನ ಸೇಂಟ್ ಮಾರ್ಕ್ಸ್ ಕೂಡ ಸಿ.ಎಸ್.ಐ. ಅಲ್ವಾ? ಇಷ್ಟು ಹತ್ತಿರ ಎರಡು ಚರ್ಚ್ ಯಾಕೆ ಬೇಕಾಯಿತು? ನಮ್ಮ ಮನೆಯವರು ಕ್ರೈಸ್ತರಲ್ಲ, ಹಾಗಾಗಿ ಕೇಳಲು ಯಾರೂ ಇಲ್ಲ. ಕಟ್ಟಡದ ಚಂದ ಎಲ್ಲರೂ ಹೇಳುತ್ತಾರೆ. ಒಳಗಿನವರು ಏನು ನಂಬಿದ್ದರು ಅಂತ ಯಾರೂ ಹೇಳುವುದಿಲ್ಲ.

ಧಾರವಾಡದ ಟೀಚರಮ್ಮ:

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದಿ. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಮನೆತನ. ನಮ್ಮಪ್ಪ ಸಭೆಯ, ಅಂದರೆ ಚರ್ಚಿನ, ಹಿರಿಯರಾಗಿದ್ದರು. ಅದಕ್ಕೇ ಈ ವಿಷಯ ಅಂದರೆ ನನಗೆ ಜಾಸ್ತಿ ಪ್ರೀತಿ.

ಮೊದಲು ಎರಡು ಚರ್ಚಿನ ಮಾತು. ಬೆಂಗಳೂರಿನಲ್ಲಿ ದಂಡು ಬಂದು ನೆಲೆಸಿದ್ದು 1809ರಲ್ಲಿ. ಸೇಂಟ್ ಮಾರ್ಕ್ಸ್ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯದು. ಆದರೆ ದಂಡಿನಲ್ಲಿ ಸ್ಕಾಟ್ಲೆಂಡಿನ ಸಿಪಾಯಿಗಳೂ ಅಧಿಕಾರಿಗಳೂ ಬೇಕಾದಷ್ಟು ಮಂದಿ ಇದ್ದರು. ಅವರ ಊರಿನಲ್ಲಿ 1560ರಿಂದಲೇ ಬೇರೆ ದಾರಿ. ಜಾನ್ ನಾಕ್ಸ್ ಮತ್ತು ಅವರ ಜೊತೆಯವರು ಪೋಪರ ಅಧಿಕಾರ ತೆಗೆದುಹಾಕಿದ್ದು ಆ ವರ್ಷ. ಬಿಷಪ್, ಅಂದರೆ ಹಲವು ಚರ್ಚುಗಳ ಮೇಲಿನ ಧರ್ಮಾಧಿಕಾರಿ, ಬೇಕೋ ಬೇಡವೋ ಅನ್ನುವ ಜಗಳ ಮಾತ್ರ ಇನ್ನೂ ನೂರು ವರ್ಷ ಮೀರಿ ನಡೆಯಿತು. ಅದಕ್ಕಾಗಿ ಯುದ್ಧಗಳಾದವು, ಜನ ಜೈಲಿಗೆ ಹೋದರು. ಕೊನೆಗೆ 1690ರಲ್ಲಿ ಬಿಷಪ್ ಇಲ್ಲದ, ಹಿರಿಯರು ಸೇರಿ ನಡೆಸುವ ಪ್ರೆಸ್ಬಿಟೇರಿಯನ್ ಸಭೆಯೇ ಗಟ್ಟಿಯಾಗಿ ನಿಂತಿತು. ಇಷ್ಟು ಪಾಡು ಪಟ್ಟವರು ಬೆಂಗಳೂರಿಗೆ ಬಂದು ಬಿಷಪ್ ಕೈಕೆಳಗಿನ ಚರ್ಚಿನಲ್ಲಿ ಸುಮ್ನೆ ಕೂರುತ್ತಾರೆಯೇ? 1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ಹೊಸದಾದ ಮೇಲೆ ಸ್ಕಾಟಿಷ್ ಪಾದ್ರಿಗಳಿಗೂ ಇಲ್ಲಿ ಸಂಬಳ ಸಿಕ್ಕಿತು. ಮದ್ರಾಸಿನ ಎಗ್ಮೋರಿನಲ್ಲಿ ಅವರ ದೊಡ್ಡ ಚರ್ಚ್ 1821ರಲ್ಲಿ ತೆರೆಯಿತು. ಬೆಂಗಳೂರಿನವರು ತುಂಬಾ ಕಾದರು. 1864ರಲ್ಲಿ ಅಡಿಗಲ್ಲು ಬಿತ್ತು, 1866ರ ನವೆಂಬರಿನಲ್ಲಿ ಚರ್ಚ್ ತೆರೆಯಿತು. ಆಂಡ್ರ್ಯೂ, ಅಂದರೆ ನಮ್ಮ ಸತ್ಯವೇದದ ಅಂದ್ರೆಯ, ಸ್ಕಾಟ್ಲೆಂಡಿನ ಪಾಲಕ ಸಂತ.

ಇನ್ನು ನಂಬಿಕೆ. ದೇವರು ಸರ್ವಾಧಿಕಾರಿ. ಮನುಷ್ಯ ತನ್ನ ಪುಣ್ಯದಿಂದ ರಕ್ಷಣೆ ಗಳಿಸಲಾರ, ಅದು ದೇವರ ಕೃಪೆ ಮಾತ್ರ. ಯಾರಿಗೆ ಆ ಕೃಪೆ ಅನ್ನುವುದನ್ನೂ ದೇವರೇ ಮೊದಲೇ ಆರಿಸಿದ್ದಾನೆ. ಈ ಕೊನೆಯ ಮಾತು ಕೇಳಿದಾಗ ಹಲವರಿಗೆ ಕಷ್ಟವಾಗುತ್ತದೆ, ನನಗೂ ಎಷ್ಟೋ ದಿನ ಕಷ್ಟವಾಗಿದೆ. ಆದರೆ ಅವರು ಮಕ್ಕಳಿಗೆ ಕಲಿಸುತ್ತಿದ್ದ ಪ್ರಶ್ನೋತ್ತರ ಶುರುವಾಗುವುದು ಹೆದರಿಕೆಯಿಂದ ಅಲ್ಲ. 1647ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುಗಿಸಿದ ಆ ಪಾಠದಲ್ಲಿ 107 ಪ್ರಶ್ನೆಗಳಿವೆ. ಮೊದಲನೆಯದು, ಮನುಷ್ಯ ಇರುವುದು ಮುಖ್ಯವಾಗಿ ಯಾತಕ್ಕೆ? ಉತ್ತರ, ದೇವರನ್ನು ಮಹಿಮೆಪಡಿಸುವುದಕ್ಕೆ, ಎಂದೆಂದಿಗೂ ಆತನಲ್ಲಿ ಆನಂದಪಡುವುದಕ್ಕೆ. 'ಆನಂದ' ಅಂದಿದ್ದಾರೆ, ನೋಡು. ಒಣ ಜನ, ನಗದ ಜನ ಅಂತ ಅವರನ್ನು ಬೈಯುವವರು ಈ ಸಾಲನ್ನು ಒಮ್ಮೆ ಓದಬೇಕು.

ಸಂಸ್ಕಾರಗಳು ಎರಡೇ: ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮತ್ತು ಕರ್ತನ ರಾತ್ರಿ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು. ಹಸುಗೂಸುಗಳಿಗೂ ದೀಕ್ಷಾಸ್ನಾನ ಉಂಟು. ಭೋಜನ ವರ್ಷಕ್ಕೆ ಕೆಲವೇ ಸಲ. ಅದಕ್ಕೆ ಮೊದಲು ಹಿರಿಯರು ಮನೆಮನೆಗೆ ಹೋಗಿ ಮಾತಾಡಿಸಿ, ಸಣ್ಣ ಲೋಹದ ಬಿಲ್ಲೆ ಕೊಡುತ್ತಿದ್ದರು. ಅದನ್ನು ತಂದವರಿಗೆ ಮಾತ್ರ ಪಂಕ್ತಿಯಲ್ಲಿ ಜಾಗ. ಸ್ಕಾಟ್ಲೆಂಡಿನಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದ ಮೇಜಿನ ಸುತ್ತ ಕೂತು ಉಣ್ಣುತ್ತಿದ್ದರು. ಮಂಡಿಯೂರುವುದು ಇಲ್ಲ. ಸತ್ಯವೇದ ಹೇಳದ ಹಬ್ಬ ಬೇಡ ಅಂತ ಕ್ರಿಸ್ಮಸ್ಸನ್ನೂ ಬಿಟ್ಟಿದ್ದರು. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್‌ಗೆ ಸಾರ್ವಜನಿಕ ರಜೆ ಬಂದದ್ದು 1958ರಲ್ಲಿ!

ಕಂಟೋನ್ಮೆಂಟ್ ಸವಾರ:

ಟೀಚರಮ್ಮ, ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ಅಷ್ಟು ಕಟ್ಟುನಿಟ್ಟು ಅಂದರೆ ಸೇಂಟ್ ಆಂಡ್ರ್ಯೂಸ್‌ನಲ್ಲಿ ಪೈಪ್ ಆರ್ಗನ್ ಹೇಗೆ ಬಂತು? ಅದು 1881ರದ್ದಂತೆ.

ಧಾರವಾಡದ ಟೀಚರಮ್ಮ:

ಸರಿಯಾದ ಜಾಗಕ್ಕೇ ಕೈ ಹಾಕಿದಿ. ಹಳೆಯ ಸ್ಕಾಟಿಷ್ ಸಭೆಗಳಲ್ಲಿ ವಾದ್ಯ ಇರಲಿಲ್ಲ. ಒಬ್ಬರು ಮುಂದೆ ನಿಂತು ಕೀರ್ತನೆ ಎತ್ತಿಕೊಡುತ್ತಿದ್ದರು, ಉಳಿದವರು ಕೂತೇ ಹಾಡುತ್ತಿದ್ದರು. ಎಡಿನ್‌ಬರದ ಗ್ರೇಫ್ರಯರ್ಸ್ ಚರ್ಚಿನ ಪಾದ್ರಿ ರಾಬರ್ಟ್ ಲೀ 1860ರ ದಶಕದಲ್ಲಿ ಹಾರ್ಮೋನಿಯಂ ತಂದಿಟ್ಟರು, ಆಮೇಲೆ ಆರ್ಗನ್. ಹಾಡುವಾಗ ಎದ್ದು ನಿಲ್ಲಿ ಅಂದರು. ದೊಡ್ಡ ಗದ್ದಲವಾಯಿತು, ದೂರು ಅಲ್ಲಿನ ಮಹಾಸಭೆಯವರೆಗೂ ಹೋಯಿತು. ಬೆಂಗಳೂರಿನ ಚರ್ಚ್ ಎದ್ದದ್ದು ಅದೇ ದಶಕದಲ್ಲಿ. ಹದಿನೈದು ವರ್ಷಕ್ಕೆ ಇಲ್ಲಿಗೂ ಆರ್ಗನ್ ಬಂತು ಅಂದರೆ, ಅಷ್ಟರಲ್ಲಿ ಜನರ ಮನಸ್ಸು ಎಷ್ಟು ಬದಲಾಗಿತ್ತು ನೋಡು. ನೀನು ಆ ಆರ್ಗನ್ ನೋಡುವಾಗ ಇದನ್ನೂ ನೆನೆಸಿಕೊ.

ಐಜಾಲಿನಲ್ಲಿದ್ದ ಬ್ಯಾಂಕಿನವ:

ನಾನು ಮಿಜೋರಾಮಿನಲ್ಲಿ ಕೆಲಸ ಮಾಡಿದವನು, ಊರು ಹಾಸನ. ಅಲ್ಲಿ ಪ್ರೆಸ್ಬಿಟೇರಿಯನ್ನರೇ ಎಲ್ಲರಿಗಿಂತ ಜಾಸ್ತಿ. ಅವರಿಗೆ ಇದು ಸ್ಕಾಟ್ಲೆಂಡಿನಿಂದ ಬಂದದ್ದಲ್ಲ, ವೇಲ್ಸಿನ ಮಿಷನರಿಗಳಿಂದ ಬಂದದ್ದು. ಅಲ್ಲಿನ ಹೆಂಗಸರು ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಸಭೆಗೆ ಅಂತ ಬೇರೆ ಇಡುತ್ತಾರೆ. ಅದನ್ನು 'ಬುಹ್‌ಫಾಯ್ ಥಾಮ್' ಅನ್ನುತ್ತಾರೆ. ಆ ಅಕ್ಕಿ ಮಾರಿದ ದುಡ್ಡಿನಲ್ಲಿ ಎಷ್ಟೋ ಮಿಷನ್ ಕೆಲಸ ನಡೆಯುತ್ತದೆ. ನಮ್ಮ ಮನೆ ಓನರಮ್ಮ ದಿನಾ ಹಾಗೆ ಎತ್ತಿಡುವುದನ್ನು ನೋಡಿ ನನ್ನ ಹೆಂಡತಿ ಧರ್ಮಸ್ಥಳಕ್ಕೆ ಅಂತ ಒಂದು ಡಬ್ಬ ಇಟ್ಟಳು.

ಟೀಚರಮ್ಮ, ಒಂದು ಕೇಳುತ್ತೇನೆ. ಬಿಷಪ್ ಬೇಡ ಅಂತ ಅಷ್ಟು ಹೋರಾಡಿದವರು ಸಿ.ಎಸ್.ಐ. ಸೇರಿ ಬಿಷಪ್ಪನ್ನು ಒಪ್ಪಿಕೊಂಡರಲ್ಲ, ಹಾಗಾದರೆ ಅವರದು ಅಂತ ಉಳಿದದ್ದು ಏನು?

ಧಾರವಾಡದ ಟೀಚರಮ್ಮ:

ಅಣ್ಣಾ, ಇದಕ್ಕೆ ಉತ್ತರ ಕೊಡಬೇಕು ಅಂತಲೇ ನಾನು ಇಷ್ಟೆಲ್ಲ ಬರೆದೆ.

ಬಿಷಪ್ ಬೇಡ ಅಂದದ್ದು ಹಟಕ್ಕಲ್ಲ. ಸಭೆಯನ್ನು ಒಬ್ಬನ ಕೈಗೆ ಕೊಡಬಾರದು ಅಂತ. ಅಂಗಡಿ ನಡೆಸುವವನು, ಸ್ಕೂಲ್ ಮಾಸ್ತರ, ಹೊಲದವನು, ಇಂಥವರನ್ನು ಸಭೆಯವರು ಹಿರಿಯರಾಗಿ ಆರಿಸುತ್ತಾರೆ. ಪಾದ್ರಿಯೂ ಹಿರಿಯರೂ ಒಂದೇ ಮೇಜಿಗೆ ಕೂತು ತೀರ್ಮಾನ ಮಾಡುತ್ತಾರೆ. ಹಲವು ಸಭೆಗಳ ಮೇಲೆ ಒಂದು ಮಂಡಳಿ, ಎಲ್ಲದರ ಮೇಲೆ ಮಹಾಸಭೆ. ಸ್ಕಾಟ್ಲೆಂಡಿನಲ್ಲಿ 1843ರಲ್ಲಿ 450ಕ್ಕೂ ಹೆಚ್ಚು ಪಾದ್ರಿಗಳು ಮನೆ, ಸಂಬಳ ಬಿಟ್ಟು ಹೊರಗೆ ನಡೆದರು. ಯಾತಕ್ಕೆ? ಊರ ಜಮೀನ್ದಾರ ತನಗೆ ಬೇಕಾದ ಪಾದ್ರಿಯನ್ನು ಸಭೆಯ ಮೇಲೆ ಹೇರುವುದನ್ನು ಅವರು ಒಪ್ಪಲಿಲ್ಲ. ಮಳೆಯಲ್ಲಿ, ಬಯಲಿನಲ್ಲಿ ಆರಾಧನೆ ಮಾಡಿದರು. ಇಂಡಿಯಾದಲ್ಲಿದ್ದ ಆ ಸಭೆಯ ಮಿಷನರಿಗಳೂ ಅವರ ಜೊತೆ ಹೊರಬಂದರು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಸಭೆಗಳು ಒಂದಾಗಿ ಸಿ.ಎಸ್.ಐ. ಆದಾಗ ಆಂಗ್ಲಿಕನ್ನರು ಬಿಷಪ್ಪನ್ನು ತಂದರು. ಪ್ರೆಸ್ಬಿಟೇರಿಯನ್ ಕಡೆಯವರು ಹಿರಿಯರ ಪದ್ಧತಿ ತಂದರು. ಬಿಷಪ್ ಇರಲಿ, ಆದರೆ ಸಂವಿಧಾನಕ್ಕೆ ಒಳಪಟ್ಟು ಇರಲಿ ಅಂತ ಒಪ್ಪಂದವಾಯಿತು. ಮೊದಲೇ ಪಾದ್ರಿಗಳಾಗಿದ್ದವರಿಗೆ ಬಿಷಪ್ ಮತ್ತೆ ಕೈಯಿಟ್ಟು ಅಭಿಷೇಕ ಮಾಡಬೇಕಾಗಿಲ್ಲ ಅಂತಲೂ ಆಯಿತು. ಅದು ಸಣ್ಣ ಮಾತಲ್ಲ. ಇವತ್ತಿಗೂ ನಮ್ಮ ಸಭೆಗಳಲ್ಲಿ ಕಮಿಟಿಗೆ ಚುನಾವಣೆ ಆಗುತ್ತದೆ, ವರ್ಷದ ಲೆಕ್ಕವನ್ನು ಎಲ್ಲರ ಮುಂದೆ ಓದುತ್ತಾರೆ. ಆ ಲೆಕ್ಕದ ದಿನ ನಮ್ಮಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದರು. ಅದನ್ನೂ ಆರಾಧನೆ ಅಂತಲೇ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೇನೆ.

ಕಂಟೋನ್ಮೆಂಟ್ ಸವಾರ:

ಭಾನುವಾರ ನಾನು ಸೇಂಟ್ ಆಂಡ್ರ್ಯೂಸ್ ಒಳಗೆ ಹೋಗಿ ಕೂರಬಹುದಾ? ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ?

ಧಾರವಾಡದ ಟೀಚರಮ್ಮ:

ಧಾರಾಳವಾಗಿ ಹೋಗು. ಆರಾಧನೆ ಇಂಗ್ಲಿಷಿನಲ್ಲಿ ಇರುತ್ತದೆ. ಹಿಂದಿನ ಬೆಂಚಿನಲ್ಲಿ ಕೂರು, ಎಲ್ಲರೂ ಎದ್ದಾಗ ಏಳು. ರೊಟ್ಟಿ, ದ್ರಾಕ್ಷಾರಸ ಕೊಡುವ ಹೊತ್ತಿಗೆ ನಿನ್ನ ಜಾಗದಲ್ಲೇ ಇರು, ಅದು ದೀಕ್ಷಾಸ್ನಾನ ಆದವರಿಗೆ. ಮುಗಿದ ಮೇಲೆ ತಕ್ಷಣ ಹೊರಡಬೇಡ. ಹೊರಗೆ ನಿಂತ ಹಿರಿಯರಲ್ಲಿ ಒಬ್ಬರನ್ನು ಮಾತಾಡಿಸಿ ಆರ್ಗನ್ ಹತ್ತಿರದಿಂದ ನೋಡಬಹುದಾ ಅಂತ ಕೇಳು.